ಸಡ್ಲ ಬಿಡು ಎನ್ನುತ್ತಿದ್ದ ಭೀಮಬಾಯಿ

ಹೆರಿಗೆ ಕೋಣೆಯಲ್ಲಿ ಎಲ್ಲರ ದನಿ ಏರಿದಾಗ ಭೀಮಬಾಯಿಯ ದನಿ ಇಳಿಯುತ್ತಿತ್ತು. ನಾನು "ಮುಕ್ಕು, ಇನ್ನೂ ಜೋರಾಗಿ ಮುಕ್ಕು!" ಎಂದು ಗಂಟಲು ಹರಿದುಕೊಳ್ಳುತ್ತಿದ್ದರೆ, ಆಕೆ ಬಾಣಂತಿಯಾಗಲಿರುವವಳ ಕಿವಿಯ ಹತ್ತಿರ ಬಗ್ಗಿ, "ಹಲ್ಲು ಕಚ್ಚಬ್ಯಾಡವ್ವ. ಬಾಯಿ ಸಡ್ಲ ಬಿಡು, ಕೆಳಗೂ ಸಡ್ಲ ಆಗತೈತಿ. ಸಂಡಾಸ ಆದೀತಂತ ನಾಚಬ್ಯಾಡ, ಒರಸಾಕ ನಾ ಇಲ್ಲೇನು?" ಎನ್ನುತ್ತಿದ್ದಳು.

ಕೆಂಭಾವಿಯ ಭೀಮಬಾಯಿ ನಮ್ಮ ದವಾಖಾನೆಯ ಆಯಾ. ಸಂಬಳಕ್ಕೆ ಹೆಬ್ಬೆಟ್ಟು ಒತ್ತುವವಳು. ನಾನು ಓದಿ ಬಂದ ಸ್ಟಾಫ್ ನರ್ಸ್. ಮುಕ್ಕಿ ಮಗುವನ್ನು ಹೊರನೂಕುವಾಗ ಕೆಲವರು ತಮಗರಿವಿಲ್ಲದೆ ಕೆಳಗಿನ ಸ್ನಾಯುಗಳನ್ನು ಬಿಗಿ ಹಿಡಿಯುತ್ತಾರೆ, ಮಗುವಿನ ತಲೆ ಮುಂದೆ ಬರುವುದಿಲ್ಲ ಎಂದು ಪರೀಕ್ಷೆಯಲ್ಲಿ ಚಿತ್ರ ಸಮೇತ ಬರೆದಿದ್ದೆ. ಆದರೆ ಆ ಬಿಗಿ ಬಿಡಿಸಲು ಬರುತ್ತಿದ್ದದ್ದು ಆಕೆಗೆ ಮಾತ್ರ. ಬಿಸಿನೀರಲ್ಲಿ ಅದ್ದಿದ ಬಟ್ಟೆ ಒತ್ತಿಟ್ಟು, ಮಗ್ಗುಲಿಗೆ ಮಲಗಿಸಿ, ಏನೇನೋ ಮಾತಾಡುತ್ತ ಇರುತ್ತಿದ್ದಳು.

ಸುರಪುರದ ಚೊಚ್ಚಲ ಬಸುರಿಯೊಬ್ಬಳು ನನ್ನ ಮುಖದ ಮೇಲೇ, "ನೀವು ಬ್ಯಾಡ್ರಿ, ಆ ಆಯಾನ್ನ ಕರೀರಿ" ಅಂದಳು. ಹೆರಿಗೆಯಾದ ಮೇಲೆ ಅವಳ ಅತ್ತೆ ಮೊದಲು ಭೀಮಬಾಯಿಗೆ ಪೇಡೆ ಕೊಟ್ಟು, ಆಮೇಲೆ ನನ್ನ ಕಡೆ ತಿರುಗಿ, "ನೀವೂ ತಗೋರಿ ಸಿಸ್ಟರ್" ಎಂದಳು. ಆ 'ನೀವೂ' ನನ್ನ ಕಿವಿ ಬಿಟ್ಟು ಹೋಗಲಿಲ್ಲ.

ಮರುದಿನವೇ ಡಾಕ್ಟರ್ ಹತ್ತಿರ ಹೋದೆ. "ಆಯಾ ನಡುವ ಬಾಯಿ ಹಾಕ್ತಾಳ್ರಿ ಮೇಡಂ. ಪೇಶಂಟ್ ನನ್ನ ಮಾತ ಕೇಳಂಗಿಲ್ಲ." ಭೀಮಬಾಯಿಯನ್ನು ಹೊರರೋಗಿಗಳ ಸಾಲು ನಿಲ್ಲಿಸುವ ಕೆಲಸಕ್ಕೆ ಹಾಕಿದರು.

ಮುಂದಿನ ವರ್ಷ ನಾನೇ ಆ ಕೋಣೆಯ ಹೆರಿಗೆ ಮೇಜಿನ ಮೇಲೆ ಮಲಗಿದ್ದೆ. ಗೆಳತಿ ನರ್ಸ್ ನನ್ನ ಹಾಗೆಯೇ ಕೂಗುತ್ತಿದ್ದಳು. ಜೋರು ಹಾಕಿದಷ್ಟೂ ನನ್ನ ತೊಡೆ ಬಿಗಿಯುತ್ತಿತ್ತು, ಮಗುವಿನ ತಲೆ ಕಂಡು ಹಿಂದೆ ಸರಿಯುತ್ತಿತ್ತು. ಓದಿದ್ದೆಲ್ಲ ನೆನಪಿತ್ತು, ಮೈ ಕೇಳಲಿಲ್ಲ. ಕೊನೆಗೆ ಅಳುತ್ತ, "ಭೀಮಬಾಯಿನ್ನ ಕರೀರಿ" ಅಂದೆ.

ಬಂದವಳೇ ನನ್ನ ಗದ್ದ ಹಿಡಿದಳು. "ಸಿಸ್ಟರ್, ಮ್ಯಾಲಿಂದ ನೂಕಾಕತ್ತೀರಿ, ಕೆಳಗ ಬಿಗಿ ಹಿಡದೀರಿ. ಕೂಸು ಯಾರ ಮಾತ ಕೇಳಬೇಕು? ಉಸುರು ಬಿಡ್ರಿ. ಹಾಂ, ಹಂಗ." ನಾಲ್ಕೈದು ನೋವಿನೊಳಗೆ ಮಗ ಹುಟ್ಟಿದ. ಹೊರಗೆ ನನ್ನವ್ವ ಆಕೆಯ ಕೈ ಕಣ್ಣಿಗೊತ್ತಿಕೊಳ್ಳುವುದು ತೆರೆದ ಬಾಗಿಲಿನಿಂದ ಕಾಣಿಸಿತು. ನಿಜ ಹೇಳುತ್ತೇನೆ, ಹಸಿ ಬಾಣಂತಿ ನಾನು, ಆಗಲೂ ಹೊಟ್ಟೆಕಿಚ್ಚು ಪಟ್ಟೆ.

ಆದರೂ ಕೆಲಸಕ್ಕೆ ಮರಳಿದ ಮೇಲೆ ಡಾಕ್ಟರಿಗೆ ಹೇಳಿ ಆಕೆಯನ್ನು ಹೆರಿಗೆ ಕೋಣೆಗೆ ಮರಳಿ ಕರೆಸಿದೆ. ಎರಡು ವರ್ಷ ಪಕ್ಕದಲ್ಲಿ ನಿಂತು, ಕೇಳದವಳಂತೆ ಕೇಳಿ, ಕಲಿತೆ.

ಆಕೆ ಕೆಲಸದಿಂದ ನಿವೃತ್ತಳಾದ ಮೇಲೆ ನನಗೆ ಸಿಕ್ಕಿದ್ದು ಒಂದೇ ಸಲ, ಶಹಾಪುರ ಬಸ್‌ಸ್ಟ್ಯಾಂಡಿನಲ್ಲಿ. ಚಹಾ ಕುಡಿಯುತ್ತ ಹೇಳಿಬಿಟ್ಟೆ: "ಆವಾಗ ನಿಮ್ಮನ್ನ ಅಲ್ಲಿಂದ ತೆಗಿಸಿದಾಕಿ ನಾನ ರೀ."

"ಗೊತ್ತೈತ್ರಿ" ಅಂದಳು. "ನಾನರ ಕಮ್ಮಿ ಏನು? ನಿಮ್ಮ ಮ್ಯಾಲ ಭಾಳ ಉರಕೊಂಡೀನಿ. ಅಷ್ಟು ಕೂಸು ಹಿಡದೀನಿ, ಹೆರಿಗಿ ಮಾಡಿಸಿದವರು ಅಂತ ಬುಕ್ಕಿನ್ಯಾಗ ಒಂದಕ್ಕರ ನನ್ನ ಹೆಸರು ಐತೇನು? ಎಲ್ಲಾ ಸಹಿ ನಿಮ್ಮವ."

ಕೆಂಭಾವಿ ಬಸ್ಸು ಬಂತು. ಸೆರಗು ಸಿಗಿಸಿಕೊಂಡು ಹತ್ತಿದಳು. ಆ ಮಳೆಗಾಲದಲ್ಲೇ ತೀರಿಕೊಂಡಳಂತೆ, ನನಗೆ ತಡವಾಗಿ ತಿಳಿಯಿತು. ದವಾಖಾನೆಯ ಹಳೆಯ ಹೆರಿಗೆ ಪುಸ್ತಕ ತೆಗೆದು ನೋಡಿದೆ. ನನ್ನ ಮಗನ ಹೆರಿಗೆ ಬರೆದ ಸಾಲಿನಲ್ಲಿ, ಹೆರಿಗೆ ಮಾಡಿಸಿದವರು ಎಂಬಲ್ಲಿ, ಗೆಳತಿಯ ಸಹಿ ಇತ್ತು.