ಹಲ್ಲು ಕೀಳಿಸೋ ಮುಂಚೆ ಕಣ್ಣಿನ ಟೆಸ್ಟು

ಶಿವಾಜಿನಗರದಲ್ಲಿ ನಾನು ಕಣ್ಣು ಪರೀಕ್ಷೆ ಮಾಡೋ ಕನ್ನಡಕದಂಗಡಿ ಮಹಡಿಗೆ ಹಲ್ಲಿನ ಡಾಕ್ಟರು ಬಂದಾಗಿನಿಂದ ನನ್ನ ತಲೆ ಕೆಟ್ಟಿದೆ. ಮೇಲಿನ ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತ ಹೆದರಿದವರೆಲ್ಲ ಮೊದಲು ನನ್ನ ಹತ್ತಿರ ಬರ್ತಾರೆ.

ಮೊನ್ನೆ ಶರಣಪ್ಪ ಬಂದ. ಕಲಬುರಗಿ ಕಡೆಯವನು, ಹೊರಮಾವಿನಲ್ಲಿ ಟೈಲ್ಸ್ ಕೂರಿಸ್ತಾನೆ. ಹುಳುಕು ಹಲ್ಲಿಗೆ ಕಡ್ಡಿಪುಡಿ ಒತ್ತಿ ಒತ್ತಿ ಕೆನ್ನೆ ಬನ್ನಿನ ಹಾಗೆ ಊದಿತ್ತು.

"ಅಕ್ಕಾರ, ಮೊದಲ ಕಣ್ಣ ನೋಡ್ರಿ. ನಾಳೆ ಹಲ್ಲ ಕಿತ್ತಮ್ಯಾಲೆ ಕಣ್ಣ ಹೋದ್ರ, ಮೊದಲ ಚಲೋ ಇದ್ವು ಅಂತ ನೀವ ಸಾಕ್ಷಿ ಹೇಳ್ಬೇಕು."

"ಹಲ್ಲಿಗೂ ಕಣ್ಣಿಗೂ ಸಂಬಂಧ ಇಲ್ಲ ಕಣ್ರೀ. ಕೀವು ತುಂಬಿದ ಹಾಗಿದೆ, ಮೊದ್ಲು ಮೇಲೆ ಹೋಗಿ," ಅಂದೆ. ಅವನು ಕುರ್ಚಿ ಬಿಟ್ಟು ಏಳಲಿಲ್ಲ.

ಸಿಟ್ಟಿನಲ್ಲೇ ಅಕ್ಷರದ ಬೋರ್ಡಿಗೆ ದೀಪ ಹಾಕಿದೆ. ಮೂರನೇ ಸಾಲಿಗೇ ತಡವರಿಸಿದ. ಬಸ್ಸಿನ ನಂಬರನ್ನೂ ಬಹಳ ಕಾಲದಿಂದ ಪಕ್ಕದವರನ್ನ ಕೇಳ್ತಿದ್ದನಂತೆ.

"ನೋಡಿ," ಅಂದೆ, "ಹಲ್ಲು ಇನ್ನೂ ಬಾಯಲ್ಲೇ ಇದೆ, ಕಣ್ಣು ಆಗ್ಲೇ ಮಂಜಾಗಿದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇಕಾ?"

ಅವನು ಕೆನ್ನೆ ಹಿಡ್ಕೊಂಡು ಯೋಚಿಸಿದ. "ಕೀಳೋ ಮೊದಲ ಇಷ್ಟ ಹೋಗ್ಯಾವಂದ್ರ, ಕಿತ್ತಿದ್ರ ಪೂರಾ ಕುರುಡ ಆಗ್ತಿದ್ನಲ್ರಿ. ಭಾಳ ಉಪಕಾರ ಆತು."

ಹೋಗ್ತಾ, ಮೆಟ್ಟಿಲ ಮೇಲೆ ಕಾಯ್ತಿದ್ದವರಿಗೆಲ್ಲ, ಅಕ್ಕಾರು ಟೆಸ್ಟ್ ಮಾಡೇ ತೋರಿಸಿದ್ರು ಅಂತ ಸಾರಿ ಹೋದ.

ಸಂಜೆ ಹಲ್ಲಿನ ಡಾಕ್ಟರು ಇಳಿದು ಬಂದು ನಮ್ಮ ಬಾಗಿಲಲ್ಲಿ ನಿಂತರು.

"ಮೇಡಂ, ಹಲ್ಲು ಕಿತ್ತರೆ ಕಣ್ಣು ಹೋಗುತ್ತೆ ಅಂತ ನನ್ನ ಪೇಶೆಂಟ್‌ಗಳನ್ನ ಹೆದರಿಸ್ತಿರೋದು ನೀವೇನಾ?"