ಅಪ್ಪನ ಎಡಬದಿ

ಅಪ್ಪ ಕಾಪುವಿನಲ್ಲಿ ಟೈಲರ್. ಎಡಗೈಯವರು. ಹಿರಿಯರಿಗೆ ಹೆದರಿ ಊಟವೊಂದನ್ನು ಬಲಗೈಗೆ ಕಲಿಸಿದ್ದರು, ಅಷ್ಟೇ. ಕತ್ತರಿ, ಸೂಜಿ, ಚಾಕ್ ಎಲ್ಲ ಎಡಗೈಯದೇ.

ಕಳೆದ ವರ್ಷ ಅವರಿಗೆ ಸ್ಟ್ರೋಕ್ ಆಯಿತು. ಮಣಿಪಾಲದ ಆಸ್ಪತ್ರೆಯಲ್ಲಿ ಎಚ್ಚರವಾದಾಗ ಬಲಕ್ಕೆ ನಿಂತಿದ್ದ ನನ್ನನ್ನು ಗುರುತಿಸಿದರು. ಮಾತು ಸ್ಪಷ್ಟವಾಗಿತ್ತು, ಎಡಗೈಯ ಶಕ್ತಿ ಮಾತ್ರ ಕುಂದಿತ್ತು.

"ಅಮ್ಮ ಎಲ್ಲಿ?" ಎಂದು ಕೇಳಿದರು. ಅಮ್ಮ ಅವರ ಎಡಕ್ಕೆ, ಮಂಚಕ್ಕೆ ತಾಗಿಯೇ ಕೂತಿದ್ದರು.

"ಇಲ್ಲೇ ಇದ್ದೇನಲ್ಲ," ಎಂದರು ಅಮ್ಮ. ಅಪ್ಪ ಬಲಕ್ಕೇ ಹುಡುಕುತ್ತಿದ್ದರು. ಊಟಕ್ಕೆ ಕೂರಿಸಿದರೆ ತಟ್ಟೆಯ ಬಲಗಡೆಯ ಅನ್ನ ಮಾತ್ರ ಮುಗಿಯುತ್ತಿತ್ತು. ಒಂದು ಸಂಜೆ ಅಮ್ಮ ನನ್ನನ್ನು ಹೊರಗೆ ಕರೆದು ಮೆಲ್ಲಗೆ ಕೇಳಿದರು, "ಇವರಿಗೆ ನನ್ನ ಮೇಲೆ ಎಂತದೋ ಕೋಪ ಉಂಟಾ?"

ನಾನು ಥೆರಪಿ ಕೊಡುವ ಹುಡುಗಿಯನ್ನು ಕರೆತಂದೆ. ಆಕೆ ಅಮ್ಮನ ಪಕ್ಕದಲ್ಲೇ ಕೂತು ಹೇಳಿದಳು, "ಕಣ್ಣು ಸರಿ ಉಂಟು ಅಮ್ಮ. ಎಡಕ್ಕೆ ಗಮನ ತಿರುಗಿಸುವ ಮೆದುಳಿನ ಭಾಗಕ್ಕೆ ಪೆಟ್ಟಾಗಿದೆ. ಆ ಬದಿ ಒಂದು ಉಂಟು ಅಂತಲೇ ಅವರಿಗೆ ಹೊಳೆಯುವುದಿಲ್ಲ."

"ಹಾಗಾದರೆ ನಾನು ಬಲಕ್ಕೆ ಕೂತುಕೊಳ್ಳಲಾ?"

"ಬೇಡ. ಎಡಕ್ಕೇ ಕೂತು ಕರೆಯಿರಿ. ಎಡಗೈ ಸ್ವಲ್ಪ ಆಡಿಸಿದರೂ ಗಮನ ಆ ಕಡೆಗೆ ಬರ್ತದೆ. ಅವರು ಎಡಗೈಯವರಲ್ವಾ, ಆ ಕೈಗೇ ಏನಾದರೂ ಕೆಲಸ ಕೊಡಿ."

ಮನೆಗೆ ಬಂದ ಮೇಲೆ ಅಮ್ಮ ಕೊಟ್ಟ ಕೆಲಸ ಮಲ್ಲಿಗೆಯದು. ಬೆಳಿಗ್ಗೆ ಹೂ ಕಟ್ಟಲು ಅಪ್ಪನ ಎಡಕ್ಕೇ ಕೂರುವರು. ಮೊಗ್ಗುಗಳನ್ನು ಅವರ ಮುಂದೆ ಹರಡಿ, ಎಡಗೈಯಲ್ಲಿ ಒಂದೊಂದಾಗಿ ಎತ್ತಿಕೊಡಲು ಹೇಳುವರು. ಅರ್ಧ ಆದೊಡನೆ ಅಪ್ಪ "ಮುಗಿಯಿತು" ಎನ್ನುವರು.

"ಇನ್ನೂ ಉಂಟು. ಈಚೆ ನೋಡಿ."

"ಎಲ್ಲಿ ಉಂಟು ಮಾರಾಯ್ತಿ?"

ಅಮ್ಮ ಅವರ ಎಡಗೈಯನ್ನು ಹಿಡಿದು ಉಳಿದ ಮೊಗ್ಗುಗಳ ಮೇಲೆ ಇಡುವರು. ಕೈಯ ಹಿಂದೆಯೇ ಕಣ್ಣು ನಿಧಾನವಾಗಿ ಹೋಗುತ್ತಿತ್ತು. ಕಂಡಾಗ ಅಪ್ಪನಿಗೆ ಪ್ರತಿ ಸಲವೂ ಆಶ್ಚರ್ಯ, ಸ್ವಲ್ಪ ನಾಚಿಕೆ. ಕೆಲವು ದಿನ ಸಿಟ್ಟಾಗಿ ಹೂವನ್ನು ದೂಡಿಬಿಡುತ್ತಿದ್ದರು. ಅಮ್ಮ ಹೆಕ್ಕಿ ಮತ್ತೆ ಹರಡುತ್ತಿದ್ದರು.

ಮಳೆಗಾಲ ಕಳೆಯುವ ಹೊತ್ತಿಗೆ ಒಂದು ಬೆಳಿಗ್ಗೆ, ಯಾರೂ ಕರೆಯದೆ ಅಪ್ಪ ಎಡಕ್ಕೆ ತಿರುಗಿದರು. ಅಮ್ಮನನ್ನೇ ನೋಡುತ್ತ ಕೂತರು.

"ಕಿವಿಯ ಓಲೆ ಎಲ್ಲಿ?" ಎಂದು ಕೇಳಿದರು.

"ಆಸ್ಪತ್ರೆಗೆ ಹೋದ ದಿನವೇ ತೆಗೆದಿಟ್ಟದ್ದು."

"ನನಗೆ ಕಾಣಲೇ ಇಲ್ಲ. ಹಾಕಿಕೋ ಹೋಗು, ಬೋಳು ಬೋಳು ಕಾಣ್ತದೆ."

ಅಮ್ಮ ಬೈಯುತ್ತಲೇ ಎದ್ದು ಒಳಗೆ ಹೋದರು. ಓಲೆಯ ತಿರುಪು ಸಿಗದೆ ನನ್ನನ್ನು ಕರೆದರು. ನಾನು ಹೋದಾಗ ಕಪಾಟಿನ ಮುಂದೆ ಕಣ್ಣೊರೆಸಿಕೊಳ್ಳುತ್ತಿದ್ದರು.