ಬೀರು ಹೊರುವವನ ಭಾನುವಾರದ ಸೂಜಿ

ಮನೆ ಸಾಮಾನು ಸಾಗಿಸುವ ಲಾರಿಯವರ ನಡುವೆ ಅವನ ಹೆಸರೇ ಬೀರು. ಕಬ್ಬಿಣದ ಬೀರುವೊಂದನ್ನು ಬೆನ್ನಿಗೆ ಪಟ್ಟಿ ಬಿಗಿದು ಒಬ್ಬನೇ ನಾಲ್ಕು ಮಹಡಿ ಹತ್ತಿಸಿದ ದಿನ ಅಂಟಿಕೊಂಡ ಹೆಸರು. ಅದೆಲ್ಲ ಮೂವತ್ತರ ಮಾತು. ಮೂವತ್ತೇಳಕ್ಕೆ ಎರಡನೇ ಮಹಡಿಯಲ್ಲೇ ತೊಡೆ ನಡುಗಿತು. ಜೊತೆಯವರು ಕಂಡೂ ಕಾಣದವರಂತೆ ಇದ್ದುಬಿಟ್ಟರು. ಅದೇ ಅವನಿಗೆ ಎದೆಯ ಮುಳ್ಳಾಯಿತು.

ಆಗಲೇ ಅವನು ಹೊಸದಾಗಿ ಸೇರಿದ ಜಿಮ್ಮಿನ ಟ್ರೇನರ್ ಗಾಜಿನ ಪುಟ್ಟ ಸೀಸೆ ತೋರಿಸಿದ್ದು. "ಟೆಸ್ಟೋಸ್ಟೆರಾನ್ ಕಣಯ್ಯಾ, ಗಂಡಸುತನದ ಸಾರ! ನಿನ್ನ ಮೈಯಲ್ಲೇ ಹುಟ್ಟೋದು. ನಾವು ಒಂಚೂರು ಜಾಸ್ತಿ ಹಾಕ್ತೀವಿ, ಅಷ್ಟೇ."

ಪ್ರತಿ ಭಾನುವಾರ ಬಚ್ಚಲಿನ ಅಗುಳಿ ಹಾಕಿಕೊಂಡು ಒಂದು ಸೂಜಿ. ಮೂರು ತಿಂಗಳಿಗೆ ತೋಳು ಉಬ್ಬಿ ಅಂಗಿಯ ಹೊಲಿಗೆ ಬಿಚ್ಚಿತು. ಬೆನ್ನ ತುಂಬ ಮೊಡವೆ ಎದ್ದವು, ನಿದ್ದೆ ಹಾರಿತು, ಸಿಟ್ಟು ಮೂಗಿನ ತುದಿಗೆ ಬಂದು ಕೂತಿತು.

ಮಗುವಿಗಾಗಿ ಗಂಡ ಹೆಂಡತಿ ಕಾಯತೊಡಗಿದ್ದೂ ಅದೇ ವರ್ಷ. ತಿಂಗಳು ತಿಂಗಳೂ ಅವಳ ಮುಖ ಬಾಡುವುದನ್ನು ನೋಡಲಾರದೆ ಇವನಿಗೊಂದು ಉಪಾಯ ಹೊಳೆಯಿತು: ಗಂಡಸುತನದ ಸಾರವಲ್ಲವೇ, ಹೆಚ್ಚು ಹಾಕಿದರೆ ಫಲವೂ ಹೆಚ್ಚು! ವಾರಕ್ಕೆ ಒಂದಿದ್ದ ಸೂಜಿ ಎರಡಾಯಿತು. ಅವಳೋ ಹೊಲಿಗೆ ಕೆಲಸ ನಿಲ್ಲಿಸಿ, ಮೆಷಿನ್ನಿಗೆ ಬಟ್ಟೆ ಹೊದಿಸಿಟ್ಟು ಎರಡು ವರ್ಷ ಆಸ್ಪತ್ರೆ ಅಲೆದಳು, ಹೊಟ್ಟೆ ತೊಳಸುವ ಮಾತ್ರೆ ನುಂಗಿದಳು, ಅತ್ತೆಯ ಕೊಂಕನ್ನೂ ನುಂಗಿದಳು. ಕೊನೆಗೆ ಹೊಟ್ಟೆಗೆ ಸಣ್ಣ ತೂತು ಕೊರೆದು ನೋಡುವ ಆಪರೇಷನ್ ಗುರುವಾರಕ್ಕೆ ನಿಗದಿಯಾಯಿತು. ಅದಕ್ಕೆ ಮೊದಲು ಗಂಡನದೂ ಒಂದು ಪರೀಕ್ಷೆ ಆಗಲಿ ಎಂದರು ಡಾಕ್ಟರಮ್ಮ.

ವರದಿ ಬಂದ ಸೋಮವಾರ ಅವನೊಬ್ಬನನ್ನೇ ಒಳಗೆ ಕರೆದರು. "ಒಂದೇ ಒಂದು ವೀರ್ಯಾಣು ಇಲ್ಲ. ಇಂಜೆಕ್ಷನ್ ಏನಾದ್ರೂ ತಗೊಳ್ತೀರಾ?"

ಭಾನುವಾರದ ಸೂಜಿಯಿಂದ ಹಿಡಿದು ಎಲ್ಲ ಹೇಳಿದ.

"ಟೆಸ್ಟೋಸ್ಟೆರಾನ್ ಎಲುಬಿಗೂ ಬೇಕು, ಮನಸ್ಸಿಗೂ ಬೇಕು. ಮೈಯಲ್ಲಿ ಹುಟ್ಟದವರಿಗೆ ನಾವೇ ಅಳೆದು ಕೊಡ್ತೀವಿ. ನೀವು ಹೊರಗಿಂದ ಸುರಿದ್ರೆ ಮೆದುಳು ಸಾಕು ಅಂದ್ಕೊಂಡು ಒಳಗಿನ ಕೆಲಸ ನಿಲ್ಲಿಸತ್ತೆ. ವೀರ್ಯಾಣು ಹುಟ್ಟೋದೂ ನಿಲ್ಲತ್ತೆ."

"ನಾನು ಮಗು ಆಗ್ಲಿ ಅಂತಾನೇ ಎರಡು ಮಾಡಿದ್ದು!"

ಡಾಕ್ಟರಮ್ಮ ವರದಿಯನ್ನು ಮಡಿಸಿಟ್ಟರು. "ಬಿಟ್ರೆ ತುಂಬಾ ಜನಕ್ಕೆ ವಾಪಸ್ ಬರತ್ತೆ. ಆರು ತಿಂಗಳಾಗ್ಬಹುದು, ಎರಡು ವರ್ಷನೂ ಆಗ್ಬಹುದು. ಖಾತ್ರಿ ಕೊಡಲಾರೆ. ಬಿಟ್ಟಾಗ ಕೈಕಾಲು ಸೋಲತ್ತೆ, ಮನಸ್ಸು ಕುಗ್ಗತ್ತೆ, ನನ್ನ ಹತ್ತಿರ ತೋರಿಸ್ಕೊಳ್ತಾ ಇರಿ. ಆಪರೇಷನ್ ಈಗ ಬೇಡ. ಯಾಕೆ ಬೇಡ ಅಂತ ನಿಮ್ಮ ಮನೆಯವರಿಗೆ ನೀವೇ ಹೇಳಿ."

ಮಂಗಳವಾರ ಮೂರು ಸಲ ಮನೆಯ ತಿರುವಿನವರೆಗೆ ಬಂದು ಮೂರು ಸಲವೂ ಹಿಂದಿರುಗಿದ. ಬುಧವಾರ ಸಂಜೆ ಒಳಗೆ ಬಂದರೆ ಅವಳು ಆಸ್ಪತ್ರೆಗೆ ಚೀಲ ತುಂಬುತ್ತಿದ್ದಾಳೆ, ಅಮ್ಮ ಗೊಣಗುತ್ತಿದ್ದಾಳೆ: "ಇವಳ ಹೊಟ್ಟೆಯೊಳಗೆ ಅದೇನಿದೆಯೋ!"

"ಅಮ್ಮಾ, ಅವಳಿಗೇನೂ ಆಗಿಲ್ಲ. ಐಬು ಇರೋದು ನನ್ನಲ್ಲಿ. ನಾನೇ ಮಾಡ್ಕೊಂಡಿದ್ದು."

ಹೇಳುತ್ತಾ ಹೋದ. ಅಮ್ಮ ಸೆರಗು ಬಾಯಿಗೆ ಹಿಡಿದಳು.

"ಎರಡು ವರ್ಷದಿಂದಾನಾ?" ಎಂದಳು ಹೆಂಡತಿ. "ನಾನು ಮಾತ್ರೆ ನುಂಗಿ ವಾಂತಿ ಮಾಡ್ತಿದ್ದಾಗೆಲ್ಲ?"

ಹೌದೆಂದು ತಲೆಯಾಡಿಸಿದ.

ಅವಳು ಚೀಲದಿಂದ ತನ್ನ ಬಟ್ಟೆಗಳನ್ನು ಒಂದೊಂದಾಗಿ ತೆಗೆದಿಟ್ಟಳು. "ನಾಳೆ ಆಸ್ಪತ್ರೆಗೆ ಹೋಗೋದಂತೂ ಹೋಗೋದೇ. ತೋರಿಸ್ಕೊಳ್ಳೋಕೆ ಒಳಗೆ ನೀವು ಹೋಗಿ, ನಾನು ಬೆಂಚಿನ ಮೇಲೆ ಕೂತಿರ್ತೀನಿ."

"ಆಮೇಲೆ?"

"ಗೊತ್ತಿಲ್ಲ. ಈಗ ನನ್ನ ಹತ್ತಿರ ಮಾತಾಡ್ಬೇಡಿ."

ಹೊರಗೆ ಹೋಗಲಾಗದೆ, ಕೂರಲೂ ಆಗದೆ ಅವನು ಗೋಡೆಗೊರಗಿ ನಿಂತ.